ನನಗಿರುವುದು ಒಂದೇ ಕೈ

ಉಸಗಾಂವದ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಒತ್ತುವ ಯಂತ್ರಕ್ಕೆ ನನ್ನ ಬಲಗೈ ಸಿಕ್ಕಿದಾಗ ನನಗೆ ಇಪ್ಪತ್ತಾರು ವರ್ಷ. ಮಣಿಕಟ್ಟಿನವರೆಗೆ ತೆಗೆದರು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು: "ಕೈ ಹೋದ್ರ ಹೋತು, ಜೀವ ಉಳೀತಲ್ಲ." ನಾನು ತಲೆಯಾಡಿಸುತ್ತಿದ್ದೆ. ಅವರು ಹೊರಗೆ ಹೋದ ಮೇಲೆ ಹಲ್ಲು ಕಡಿಯುತ್ತಿದ್ದೆ.

ಮೂರು ತಿಂಗಳಾದ ಮೇಲೆ ಕಾರ್ಖಾನೆಯ ಅಧಿಕಾರಿ ಕರೆಸಿ, ಕಂಪ್ಯೂಟರ್ ಸರ್ಟಿಫಿಕೇಟ್ ತಂದರೆ ಆಫೀಸಿನಲ್ಲಿ ಒಂದು ಕುರ್ಚಿ ಕೊಡುವುದಾಗಿ ಹೇಳಿದರು. ಇಲ್ಲದಿದ್ದರೆ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂತು, ಬಂದವರನ್ನು ಒಳಗೆ ಬಿಡುವ ಕೆಲಸ. ನಾನು ಹನ್ನೆರಡನೆಯ ತರಗತಿ ಓದಿದವಳು. ನನ್ನ ಅಪ್ಪ ಅವ್ವ ವಿಜಯಪುರದ ಕಡೆಯಿಂದ ರಾಜ್ಯದ ಗಡಿ ದಾಟಿ ಇಲ್ಲಿಗೆ ಗಾರೆ ಕೆಲಸಕ್ಕೆ ಬಂದವರಾದರೂ ನನ್ನನ್ನು ಶಾಲೆ ಬಿಡಿಸಿರಲಿಲ್ಲ. ಸ್ಟೂಲಿನ ಮೇಲೆ ಕೂರಲಾರೆ ಎಂದುಕೊಂಡೆ.

ನಮ್ಮ ಬಾಡಿಗೆ ಮನೆಯ ಎದುರಿಗೆ ಒಂದು ಝೆರಾಕ್ಸ್ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವರು ಬೆಳಗಾವಿ ಕಡೆಯ ವ್ಯಾಪಾರಿ ಮನೆತನದ ಹೆಂಗಸು, ಐವತ್ತು ದಾಟಿದವರು. ಎಲ್ಲರಿಗೂ ಅವರು ಅಕ್ಕಾರು. ಜನರ ಅರ್ಜಿ ತುಂಬುವುದು, ಪ್ರಿಂಟ್ ತೆಗೆದುಕೊಡುವುದು ಅವರ ಕೆಲಸ. ನಾನು ಹೋಗಿ ಕಲಿಸಿಕೊಡಲು ಕೇಳಿದೆ. ಅವರು ನನ್ನ ಮೊಂಡು ಕೈಯನ್ನು ಕಣ್ಣು ತಪ್ಪಿಸದೆ ನೋಡಿದರು. ಅದೇ ನನಗೆ ಮೊದಲು ಹಿಡಿಸಿದ್ದು.

"ಮೌಸಿನ ಗೊಡವಿ ಬ್ಯಾಡ ನಿನಗ," ಎಂದರು. "ನಾನೂ ಬಿಟ್ಟು ಎರಡು ವರ್ಷ ಆತು. ಲಾರಿ ಹೋದಾಗೊಮ್ಮೆ ಕೆಂಪು ದೂಳು ಹೊಕ್ಕು ಎಲ್ಲಾ ಮೌಸೂ ಕೆಡ್ತಾವು. ಕೀಬೋರ್ಡ್ ಒಂದಽ ಸಾಕು."

ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೈಲುಗಳ ಪಟ್ಟಿ. ಎಫ್ ಎರಡು ಒತ್ತಿದರೆ ಹೆಸರು ಬದಲಿಸಬಹುದು. ಇವು ಎಡಗೈಗೆ ಬೇಗ ಬಂದವು. ಆದರೆ ಹೊಸ ಫೋಲ್ಡರ್ ಮಾಡಲು ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಬೇಕಿತ್ತು. ನನ್ನ ಬೆರಳುಗಳು ಎಷ್ಟು ಚಾಚಿದರೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿ ಶಿಫ್ಟ್ ಕೀಯನ್ನು ಟಪಟಪ ಗುದ್ದಿದೆ. ಕಂಪ್ಯೂಟರ್ ಸದ್ದು ಮಾಡಿತು, ಪರದೆಯ ಮೇಲೆ ಒಂದು ಚೌಕ ಬಂತು. ಅಕ್ಕಾರು ಕನ್ನಡಕ ಏರಿಸಿಕೊಂಡು ಓದಿದರು.

"ತಡಿ, ತಡಿ. ಹೌದು ಅಂತ ಒತ್ತು. ಒಂದೊಂದಽ ಕೀ ಒತ್ತಿದ್ರೂ ನಡೀತದಂತ. ಕೂಡೆ ಒತ್ತೂದು ಬೇಕಿಲ್ಲ."

ಕಂಟ್ರೋಲ್ ಒತ್ತಿ ಬಿಟ್ಟೆ. ಶಿಫ್ಟ್ ಒತ್ತಿ ಬಿಟ್ಟೆ. ಎನ್ ಒತ್ತಿದೆ. ಹೊಸ ಫೋಲ್ಡರ್ ಕಣ್ಣ ಮುಂದೆ ಕೂತಿತ್ತು. ಒಂದೇ ಕೈ ಇರುವವರಿಗೆಂದೇ ಈ ಅನುಕೂಲವನ್ನು ಯಾರೋ ಯೋಚಿಸಿ ಒಳಗಿಟ್ಟಿದ್ದರು. ನಾಲ್ಕು ತಿಂಗಳಲ್ಲಿ ಅಕ್ಕಾರಿಗಿಂತ ನಾನೇ ಚುರುಕಾದೆ. ಗಿರಾಕಿಗಳು ಕಾಯುವಾಗ ಅವರು ನನ್ನನ್ನೇ ಕೂರಿಸುತ್ತಿದ್ದರು.

ಪರೀಕ್ಷೆ ಫೋಂಡಾದಲ್ಲಿ. ಪ್ರಾಯೋಗಿಕಕ್ಕೆ ಇಪ್ಪತ್ತು ನಿಮಿಷ. ಒಂದು ಫೋಲ್ಡರ್ ಮಾಡಿ, ಅದಕ್ಕೆ ಹೆಸರಿಟ್ಟು, ಒಂದು ಪತ್ರ ಟೈಪ್ ಮಾಡಿ ಅದರೊಳಗೆ ಇಡಬೇಕು. ಆ ಅನುಕೂಲ ಚಾಲೂ ಆಗಲೆಂದು ನಾನು ಶಿಫ್ಟ್ ಕೀಯನ್ನು ಐದು ಸಲ ಒತ್ತಿದೆ. ಸದ್ದು ಕೇಳಿ ಪರೀಕ್ಷಕರು ಎದ್ದು ಬಂದರು. ಅಲ್ಲಿ ಎಲ್ಲ ಮಾತೂ ಹಿಂದಿಯಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಂತ್ರಕ್ಕೆ ಏನು ಮಾಡಿದೆ?" ಎಂದು ಕೇಳಿದರು.

ವಿವರಿಸಿದೆ. ಅವರು ಪೂರ್ತಿ ಕೇಳಲಿಲ್ಲ. "ಸೆಟ್ಟಿಂಗ್ ಬದಲಿಸುವಂತಿಲ್ಲ," ಎಂದು ನನ್ನ ಭುಜದ ಮೇಲಿಂದ ಕೈ ಚಾಚಿ ಅದನ್ನು ನಿಲ್ಲಿಸಿದರು. "ರೈಟ್ ಕ್ಲಿಕ್ ಮಾಡಿ ಫೋಲ್ಡರ್ ಮಾಡುವುದನ್ನು, ಮೌಸಿನಿಂದಲೇ ಪತ್ರ ತಿದ್ದುವುದನ್ನು ನಾನು ನೋಡಬೇಕು. ಎಡಗೈ ಇದೆಯಲ್ಲ, ಅದರಲ್ಲಿ ಮೌಸ್ ಹಿಡಿ."

"ನನಗಿರುವುದು ಒಂದೇ ಕೈ ಸಾರ್. ಅದನ್ನು ಮೌಸಿಗೆ ಕೊಟ್ಟರೆ ಟೈಪ್ ಮಾಡುವುದು ಯಾವುದರಲ್ಲಿ?"

"ಅದು ನನ್ನ ಪ್ರಶ್ನೆಯಲ್ಲ."

ಮೌಸ್ ಬಲಗಡೆ ಇತ್ತು, ಅದರ ತಂತಿ ಗಿಡ್ಡ. ಎಡಕ್ಕೆ ಎಳೆದರೆ ಕೀಬೋರ್ಡಿಗೆ ಅಡ್ಡ ಬರುತ್ತಿತ್ತು. ಒಂದು ಸಾಲು ಟೈಪ್ ಮಾಡಿ, ಅದನ್ನು ತಿದ್ದಲು ಕೈ ಎತ್ತಿ ಮೌಸ್ ಹುಡುಕಿದೆ, ಮತ್ತೆ ಕೀಬೋರ್ಡಿಗೆ ಬಂದೆ. ಪಕ್ಕದ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಪತ್ರದ ಕೊನೆಯ ಎರಡು ಸಾಲು ಉಳಿದಿರುವಾಗ ಸಮಯ ಮುಗಿಯಿತೆಂದು ಪರೀಕ್ಷಕರು ಪರದೆ ಆಫ್ ಮಾಡಿದರು. ಏಳು ನಿಮಿಷದ ಕೆಲಸ ಅದು. ಅಕ್ಕಾರ ಅಂಗಡಿಯಲ್ಲಿ ಬೀಡಿ ಸೇದುತ್ತ ನಿಂತ ಗಿರಾಕಿಯ ಎದುರು ಅಂಥ ಪತ್ರ ನೂರು ಮಾಡಿದ್ದೆ. ಹಾಳೆಯ ಮೇಲೆ ಅವರು 'ಅಪೂರ್ಣ' ಎಂದು ಬರೆಯುವುದನ್ನು ನಿಂತು ನೋಡಿದೆ.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೇಳಿ, "ಬಿಡವಾ, ನಮ್ಮ ಹಣ್ಯಾಗ ಇದ್ದಷ್ಟ. ಸ್ಟೂಲಿನ ಮ್ಯಾಲ ಕುಂತ್ರ ಏನಾತು?" ಎಂದಳು.

"ಹಣೀಬರ ಅಲ್ಲವ್ವಾ ಇದು," ಎಂದೆ. "ಆ ಮನಷ್ಯಾ ಬರ್ದಿದ್ದು. ನನ್ನ ಕಣ್ಣ ಮುಂದ ಬರ್ದಾನ."

ಆ ರಾತ್ರಿ ಉಣ್ಣಲಿಲ್ಲ. ಅವ್ವನ ಮೇಲೆ ಹಾಗೆ ರೇಗಿದ್ದಕ್ಕೂ ನನ್ನ ಮೇಲೆಯೇ ಸಿಟ್ಟು ಬಂತು. ಬೆಳಿಗ್ಗೆ ಅಕ್ಕಾರು ಅಂಗಡಿಯ ಬಾಗಿಲು ಅರ್ಧ ಎತ್ತಿದ್ದವರು ಮತ್ತೆ ಎಳೆದು ಬೀಗ ಹಾಕಿದರು. "ಪ್ರಶ್ನಿಪತ್ರಿಕಿ ಇಟ್ಟೀಯಿಲ್ಲೋ? ತೊಗೊಂಡ್ ನಡಿ," ಎಂದರು. ಇಬ್ಬರೂ ಫೋಂಡಾದ ಬಸ್ಸು ಹತ್ತಿದೆವು.

ಪರೀಕ್ಷಾ ಕೇಂದ್ರದ ಮುಖ್ಯಸ್ಥರು ವಯಸ್ಸಾದವರು, ಧಾರವಾಡದಲ್ಲಿ ಓದಿದ್ದರಿಂದ ಕನ್ನಡ ಬಲ್ಲವರು. ಅಕ್ಕಾರು ಪ್ರಶ್ನೆಪತ್ರಿಕೆಯನ್ನು ಅವರ ಮೇಜಿನ ಮೇಲೆ ಬಿಡಿಸಿಟ್ಟರು.

"ಮೌಸ್ ಹಿಡದಽ ಮಾಡಬೇಕಂತ ಎಲ್ಲಿ ಬರದೈತ್ರಿ? ಬೆರಳಿಟ್ಟು ತೋರಸ್ರಿ."

ಅವರು ಎರಡು ಸಲ ಓದಿದರು. ಇರಲಿಲ್ಲ. 'ಫೋಲ್ಡರ್ ರಚಿಸಿ' ಎಂದಷ್ಟೇ ಇತ್ತು. ಪರೀಕ್ಷಕರನ್ನು ಕರೆಸಿದರು. ಅವರು ವಾಡಿಕೆ ಹಾಗಿದೆ ಎಂದರು. ಮುಖ್ಯಸ್ಥರು ಮತ್ತೊಂದು ಪರೀಕ್ಷೆಗೆ ಅವಕಾಶ ಕೊಡುತ್ತೇನೆಂದು ಒಂದು ಅರ್ಜಿ ಬರೆಸಿ ನನ್ನ ಮುಂದಿಟ್ಟರು. ಅದರಲ್ಲಿ ಹೀಗಿತ್ತು: ನಾನು ಅಂಗವಿಕಲೆಯಾದ್ದರಿಂದ ದಯೆಯ ಮೇರೆಗೆ ಇನ್ನೊಂದು ಅವಕಾಶ ಕೊಡಬೇಕು.

"ದಯೆ ಅನ್ನೂದು ತಗೀರಿ," ಎಂದೆ.

"ಬರೇ ಒಂದು ಶಬ್ದ ಅದಮ್ಮಾ. ಸಹಿ ಮಾಡು, ನಿನ್ನ ಕೆಲಸ ಆಗ್ತದ."

"ತಪ್ಪು ನಿಮ್ಮವರದ್ರಿ ಸಾರ್. ದಯಾ ನಾ ಯಾಕ ಬೇಡ್ಲಿ?"

ಧ್ವನಿ ಏರಿತ್ತು. ಹೊರಗೆ ಕೂತವರು ಬಾಗಿಲ ಕಡೆ ನೋಡಿದರು. ಪೆನ್ನು ತೆಗೆದುಕೊಂಡು ಆ ಶಬ್ದವನ್ನು ನಾನೇ ಹೊಡೆದುಹಾಕಿದೆ. ಹಾಳೆ ಜಾರುತ್ತಿತ್ತು, ಅದನ್ನು ಮೊಂಡು ಕೈಯಿಂದ ಒತ್ತಿ ಹಿಡಿದೆ. 'ಪರೀಕ್ಷಕರು ನಿಯಮದಲ್ಲಿಲ್ಲದ ಷರತ್ತು ಹಾಕಿದ್ದರಿಂದ' ಎಂದು ಮೇಲೆ ಬರೆದು ಸಹಿ ಮಾಡಿದೆ. ಮುಖ್ಯಸ್ಥರ ಮುಖ ಕೆಂಪಾಯಿತು. ಆದರೆ ಹಾಳೆ ತೆಗೆದುಕೊಂಡರು.

ಎರಡು ವಾರದ ನಂತರ ಅದೇ ಕೋಣೆಯಲ್ಲಿ ಎಂಟು ನಿಮಿಷದಲ್ಲಿ ಮುಗಿಸಿದೆ. ಎದ್ದಾಗ ಮುಖ್ಯಸ್ಥರು ಫೋನ್ ಹಿಡಿದು ನಿಂತಿದ್ದರು. ಕೇಂದ್ರದ ಗ್ರೂಪಿಗೆ ಹಾಕಲು ಒಂದು ಫೋಟೋ ಬೇಕಂತೆ. "ಆ ಕೈ ಸ್ವಲ್ಪ ಮ್ಯಾಲ ಇಡಮ್ಮಾ, ಕಾಣಲಿ. ಬ್ಯಾರೇದವ್ರಿಗೆ ಹುರುಪು ಬರ್ತದ." ಎರಡು ವಾರದ ಹಿಂದೆ ಇದೇ ಕೈಗಾಗಿ ನನ್ನನ್ನು ಫೇಲು ಮಾಡಿದ ಪರೀಕ್ಷಕರೂ ಪಕ್ಕದಲ್ಲಿ ನಗುತ್ತ ನಿಂತಿದ್ದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಇಬ್ಬರ ನಡುವೆ ಹಾದು ಹೊರಗೆ ಬಂದೆ.

ಕುರ್ಚಿ ಸಿಕ್ಕಿತು. ಈಗ ಮೂರು ವರ್ಷದಿಂದ ಕಾರ್ಖಾನೆಯ ರವಾನೆ ವಿಭಾಗದಲ್ಲಿದ್ದೇನೆ. "ಎಲ್ಲಾ ಚಲೋ ಆತಲ್ಲ, ಇನ್ನೂ ಸಿಟ್ಟ್ಯಾಕ?" ಎಂದು ಅವ್ವ ಕೇಳುತ್ತಾಳೆ. ಅಕ್ಕಾರು ನನ್ನ ಜೊತೆ ಬರದಿದ್ದರೆ ಏನೂ ಚಲೋ ಆಗುತ್ತಿರಲಿಲ್ಲ ಎಂದು ಅವಳಿಗೆ ಹೇಳಿ ಹೇಳಿ ಸಾಕಾಗಿದೆ.

ಕೀಬೋರ್ಡಿನಿಂದಲೇ ಪರೀಕ್ಷೆ ಬರೆಯಬಹುದು, ಒಂದೊಂದೇ ಕೀ ಒತ್ತುವ ಅನುಕೂಲವನ್ನು ಬಳಸಬಹುದು ಎಂದು ಕೇಂದ್ರದಲ್ಲಿ ಬರೆದು ಹಚ್ಚಬೇಕೆಂದು ನಾನು ಅರ್ಜಿ ಕೊಟ್ಟೆ. ಉತ್ತರ ಬರಲಿಲ್ಲ. ಮತ್ತೆ ಕೊಟ್ಟೆ. ಮೂರನೆಯದಕ್ಕೆ ಹಚ್ಚಿದ್ದೇವೆ ಎಂದು ಫೋನ್ ಬಂತು. ಶನಿವಾರ ನೋಡಲು ಹೋದೆ. ಗೋಡೆಯ ಮೇಲೆ ಎಲ್ಲೂ ಕಾಣಲಿಲ್ಲ. ಕೇಳಿದರೆ ಗುಮಾಸ್ತೆ ಬಾಗಿಲಿನತ್ತ ಬೆರಳು ಮಾಡಿದಳು. ಬಾಗಿಲ ಹಿಂದೆ ಹಚ್ಚಿದ್ದರು. ದಿನವಿಡೀ ತೆರೆದೇ ಇರುವ ಬಾಗಿಲು ಅದು. ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಅವಳ ಹತ್ತಿರವೇ ಗೋಂದು ಕೇಳಿ ಪಡೆದು, ಕಂಪ್ಯೂಟರ್ ಕೋಣೆಯ ಒಳಗೆ ಪರೀಕ್ಷಕರ ಕುರ್ಚಿಯ ಎದುರಿನ ಗೋಡೆಗೆ ಅಂಟಿಸಿದೆ. ಯಾರೂ ತಡೆಯಲಿಲ್ಲ.