ಲ್ಯಾಕರಿನ ಕೆಳಗಿನ ಕುಂಕುಮ

ಥಿನ್ನರ್ ವಾಸನೆ ಎಲ್ಲಿ ಮೂಗಿಗೆ ಬಡಿದರೂ, ತೀರಾ ಮಾಗಿದ ಬಾಳೆಹಣ್ಣಿನಂಥ ಆ ಘಾಟಿನ ಹಿಂದೆಯೇ ರಾಯಚೂರಿನ ನಮ್ಮ ಹಳೆಯ ಮನೆಯ ಅಂಗಳ ಬಂದು ನಿಲ್ಲುತ್ತದೆ. ಹೀಗೆ ನೆನಪು ತರುವ ವಾಸನೆಯೊಂದು ನಿಮಗೂ ಇದ್ದೀತು. ಬಡಗಿಯಾಗಿದ್ದ ಅಪ್ಪ, ಮರಕ್ಕೆ ಹೊಳಪು ಕೊಡುವ ಲ್ಯಾಕರನ್ನು ಥಿನ್ನರಿನಿಂದ ತೆಳುವಾಗಿಸಿ ಸ್ಪ್ರೇ ಗನ್ನಿನಿಂದ ಹೊಡೆಯುವುದನ್ನೂ ಕಲಿತಿದ್ದ. ಆಗ ಬೆಂಕಿ ಹತ್ತೀತೆಂದು ಅವ್ವ ಒಲೆ ಆರಿಸಬೇಕು, ಧೂಳು ಕೂತೀತೆಂದು ನಾನೂ ಅಕ್ಕನೂ ಕಸ ಗುಡಿಸಬಾರದು. ಅಷ್ಟು ಮಾಡಿದರೂ ತಪ್ಪುಗಳು ಆಗುತ್ತಲೇ ಇದ್ದವು. ಅವನ್ನು ತಿದ್ದುವುದರಲ್ಲೇ ಅಪ್ಪನಿಗೆ ಹೆಚ್ಚು ಖುಷಿ ಎಂದು ನನ್ನ ಗುಮಾನಿ. ಲ್ಯಾಕರ್ ದಪ್ಪಗೆ ಬಿದ್ದು ಕೆಳಗೆ ಇಳಿದರೆ ಹಸಿಯಲ್ಲಿ ಮುಟ್ಟುತ್ತಿರಲಿಲ್ಲ; ಪೂರ್ತಿ ಒಣಗಿದ ಮೇಲೆ ಬ್ಲೇಡಿನಿಂದ ಹೆರೆದು, ಉಪ್ಪುಕಾಗದ ತಿಕ್ಕಿ, ಮತ್ತೊಂದು ಕೈ ಹೊಡೆಯುತ್ತಿದ್ದ. ಮಳೆಗಾಲದ ಥಂಡಿಗೆ ಮೇಲೆಲ್ಲ ಬೆಳ್ಳಗಾದರೆ, ಬಿಸಿಲು ಬರುವುದನ್ನು ಕಾದು ತೆಳ್ಳಗೆ ಥಿನ್ನರ್ ಹೊಡೆಯುತ್ತಿದ್ದ. ಸಾಗುವಾನಿಯ ಗೆರೆಗಳು ಮತ್ತೆ ಕಾಣುತ್ತಿದ್ದವು.

ಅಕ್ಕನನ್ನು ದೇವದುರ್ಗಕ್ಕೆ ಕೊಡುವುದೆಂದಾದಾಗ ಅವಳಿಗೆಂದೇ ಅಲಮಾರಿ ಮಾಡಿದ. ಕೊನೆಯ ಕೈ ಹೊಡೆದು ಜಳಕಕ್ಕೆ ಹೋದ. ಅಷ್ಟರಲ್ಲಿ ಅಜ್ಜಿ, ಮದುವೆಯ ಸಾಮಾನು ಬರಿದಾಗಿರಬಾರದೆಂದು, ಒದ್ದೆ ಬೆರಳಿಂದ ಬಾಗಿಲ ನಟ್ಟನಡುವೆ ಕುಂಕುಮ ಒತ್ತಿಬಿಟ್ಟಳು. ಹಸಿ ಲ್ಯಾಕರಿನಲ್ಲಿ ಕೆಂಪು ಇಳಿದು ಸುತ್ತ ಹರಡಿತು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ.

"ಥಿನ್ನರ್ ಹಚ್ಚಿದ್ರ ಇನ್ನಷ್ಟು ಹರಡ್ತದ. ಒಣಗ್ಲಿ, ಹೆರದು ತೆಗಿತೀನಿ."

ಮರುದಿನ ಅವನು ಬ್ಲೇಡು ಹಿಡಿದದ್ದೇ ತಡ, ಅಜ್ಜಿ ಅಡ್ಡ ಬಂದಳು.

"ಏನ್ ಮಾಡಾಕತ್ತೀಯೋ? ಮದಿವಿ ಹುಡುಗಿ ಕುಂಕುಮ ಅಳಸ್ತೀಯೇನು?"

"ಯವ್ವಾ, ಬೀಗರು ನೋಡಿದ್ರ ನನ್ನ ಕೆಲಸಕ್ಕ ನಗ್ತಾರ!"

"ನಗ್ಲಿ ಬಿಡು. ಅಳಸಿದಿ ಅಂದ್ರ ನಾ ಈ ಮನ್ಯಾಗ ಉಣ್ಣಂಗಿಲ್ಲ."

ಅಪ್ಪ ಸೋತ. ಹರಡಿದ ಅಂಚನ್ನಷ್ಟೇ ಹೆರೆದು ಬೊಟ್ಟನ್ನು ದುಂಡಗೆ ಮಾಡಿ, ಅದರ ಮೇಲೆಯೇ ಲ್ಯಾಕರ್ ಹೊಡೆದ. ಬೀಗರ ಮನೆಯಲ್ಲಿ ಅಲಮಾರಿ ಇಳಿಸುವಾಗ ಅವನು ಆ ಕಡೆ ನೋಡಲೇ ಇಲ್ಲ.

ಈಗ ಆ ಅಂಗಳವೂ ಇಲ್ಲ, ಅಪ್ಪ, ಅವ್ವ, ಅಜ್ಜಿ ಯಾರೂ ಇಲ್ಲ. ಭಾವ ತೀರಿಕೊಂಡಾಗ ನಾನು ದೇವದುರ್ಗಕ್ಕೆ ಹೋಗಿದ್ದೆ. ನೆರೆದ ಹೆಂಗಸರು ಅಕ್ಕನ ಹಣೆಯ ಕುಂಕುಮ ಒರೆಸಿದರು. ನನಗೆ ಸಿಟ್ಟು ಉಕ್ಕಿತು. ಎಲ್ಲರೂ ಹೋದ ಮೇಲೆ ಅಕ್ಕ ಎದ್ದು, ಅಲಮಾರಿಯ ಬಾಗಿಲ ಧೂಳನ್ನು ಸೆರಗಿನಿಂದ ತೆಗೆದಳು.

"ನೋಡು, ಇದು ಹಂಗ ಅದ," ಎಂದಳು.

ನಾನು ಅದರ ಮೇಲೆ ಬೆರಳಾಡಿಸಿದೆ. ಅಪ್ಪ ಹೊಡೆದ ಲ್ಯಾಕರ್ ನುಣ್ಣಗಿತ್ತು. ಕುಂಕುಮ ಕೈಗೆ ಹತ್ತಲಿಲ್ಲ.