ಸುಣ್ಣದ ಕೆಳಗಿನ ಖರ್ಚು

ಸುಮಂಗಲಾಳ ಆದಾಯ ತೆರಿಗೆ ರಿಟರ್ನ್‌ನಲ್ಲಿ ಖರ್ಚು ಎಂಬ ಸಾಲಿನ ಎದುರಿಗೆ ಒಂದು ಸೊನ್ನೆ ಇತ್ತು. ಕಮಲಾಪುರದ ತನ್ನ ಮನೆಯಲ್ಲಿ ದಿನಕ್ಕೆ ನಾನೂರೈವತ್ತು ಜೋಳದ ರೊಟ್ಟಿ ತಾನೂ ಬಡಿದು, ಬೇರೆಯವರಿಂದಲೂ ಬಡಿಸಿ, ಕಲಬುರಗಿಗೆ ಕಳಿಸುವ ಹೆಣ್ಣುಮಗಳು ವರ್ಷವಿಡೀ ಒಂದು ಪೈಸೆ ಖರ್ಚು ಮಾಡಿಲ್ಲವೆಂದು ಆ ಕಾಗದ ಹೇಳುತ್ತಿತ್ತು. ಜೋಳ ಪುಕ್ಕಟೆ, ಕಟ್ಟಿಗೆ ಪುಕ್ಕಟೆ, ಗಿರಣಿ ಪುಕ್ಕಟೆ, ಟೆಂಪೊ ಪುಕ್ಕಟೆ. ಐದು ಹೆಂಗಸರ ರಟ್ಟೆಯಂತೂ ಪುಕ್ಕಟೆಗಿಂತ ಪುಕ್ಕಟೆ.

ಆ ಸೊನ್ನೆ ಬರೆದವನು ನಗರದ ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅಂಗಡಿ ಇಟ್ಟವನು. ಆತ ಕೇಳಿದ್ದು ಒಂದೇ ಪ್ರಶ್ನೆ.

"ಖರ್ಚಿನ ಬಿಲ್ ಅದಾವೇನು?"

"ಇಲ್ರೀ."

"ಹಂಗಾದ್ರ ಖರ್ಚ್ ಇಲ್ಲ."

"ಖರ್ಚ್ ಇಲ್ದ ರೊಟ್ಟಿ ಎಲ್ಲಿಂದ ಬರ್ತಾವ್ರೀ, ಮುಗಿಲಿಂದ ಉದುರ್ತಾವೇನು?"

ಆತ ನಗಲಿಲ್ಲ. ಐದು ನೂರು ಫೀಸು ಇಸಕೊಂಡು, ಇನ್ನೂ ಆರು ಸಾವಿರ ಟ್ಯಾಕ್ಸ್ ಕಟ್ಟಬೇಕು ಎಂದು ಹೇಳಿ ಮುಂದಿನವರನ್ನು ಕರೆದ.

ಅವಳು ಹೋಗಿದ್ದು ಕಟ್ಟಲಿಕ್ಕಲ್ಲ, ತನ್ನ ಹಣ ವಾಪಸು ಕೇಳಲಿಕ್ಕೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುಮಂಗಲಾ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಹನ್ನೆರಡು ವರ್ಷದ ಹಿಂದೆ ಒಂದು ಒಲೆ, ಒಂದು ಹಂಚು ಇಟ್ಟುಕೊಂಡು ನಗರದ ಒಂದು ಖಾನಾವಳಿಗೆ ನಲವತ್ತು ರೊಟ್ಟಿಯಿಂದ ಶುರು ಮಾಡಿದಳು. ಈಗ ಬೌದ್ಧರ ಓಣಿಯ ಅವಳ ತಗಡಿನ ಚಪ್ಪರದ ಕೆಳಗೆ ಆರು ಒಲೆ. ಅವಳ ಜೊತೆ ಐವರು. ಅವರಲ್ಲಿ ಹಿರಿಯಳು ಗುಂಡಮ್ಮ, ಅರವತ್ತು ದಾಟಿದವಳು, ಬಾಯಿ ಮಾತ್ರ ಇಪ್ಪತ್ತರದು. ರೊಟ್ಟಿಗೆ ಎರಡು ರೂಪಾಯಿ ಕೂಲಿ, ಶನಿವಾರ ಬಟವಾಡೆ. ಬುಟ್ಟಿಗಳು ಬೆಳಗಿನ ಟೆಂಪೊದಲ್ಲಿ ಮಹಾಗಾಂವ ದಾಟಿ ನಗರಕ್ಕೆ ಹೋಗುತ್ತವೆ. ಅಲ್ಲಿ ಆಸ್ಪತ್ರೆ, ಹಾಸ್ಟೆಲ್‌ಗಳಿಗೆ ಊಟ ಕೊಡುವ ಒಂದು ಕೇಟರಿಂಗ್ ಕಂಪನಿ ರೊಟ್ಟಿಗೆ ಏಳು ರೂಪಾಯಿಯಂತೆ ತಿಂಗಳಿಗೊಮ್ಮೆ ಅವಳ ಖಾತೆಗೆ ಹಾಕುತ್ತದೆ. ಹಾಕುವಾಗ ನೂರಕ್ಕೆ ಐದು ಮುರಿದುಕೊಳ್ಳುತ್ತದೆ.

ಈ ಮುರಿತವನ್ನು ಸುಮಂಗಲಾ ವರ್ಷಗಟ್ಟಲೆ ಅಡತಿ, ಅಂದರೆ ದಲ್ಲಾಳಿಯ ಪಾಲು, ಎಂದೇ ತಿಳಿದಿದ್ದಳು. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರಿದವರಿಗೆಲ್ಲ ಏನಾದರೊಂದು ಮುರಿದೇ ಕೊಡುತ್ತಾರಲ್ಲ, ರೊಟ್ಟಿಗೂ ಹಾಗೇ ಇರಬೇಕು ಎಂದುಕೊಂಡಳು. ಅದು ತೆರಿಗೆ, ಅವಳ ಹೆಸರಿನಲ್ಲೇ ಸರ್ಕಾರಕ್ಕೆ ಹೋಗಿ ಕೂತಿದೆ, ಆದಾಯ ಕಡಿಮೆ ಇದ್ದರೆ ವಾಪಸು ಬರುತ್ತದೆ ಎಂದು ಹೋದ ಬೇಸಿಗೆಯಲ್ಲಿ ಬ್ಯಾಂಕಿನ ಗುಮಾಸ್ತ ಹೇಳಿದ. ಹಳೆಯ ವರ್ಷಗಳದು ಗಡುವು ದಾಟಿ ಕೈಬಿಟ್ಟಿತ್ತು. ಮುಗಿದ ಒಂದು ವರ್ಷದ್ದೇ ನಲವತ್ತೇಳು ಸಾವಿರ. ಖಾತೆಗೆ ಬರಬೇಕಾದ ಒಂಬತ್ತು ಲಕ್ಷ ನಲವತ್ತು ಸಾವಿರದ ಮೇಲಿನ ಮುರಿತ ಅದು. ಅವಳ ಕೈಗೆ ನಿಜವಾಗಿ ಉಳಿಯುವುದು ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಅದರಲ್ಲಿ ನಲವತ್ತೇಳು ಸಾವಿರ ಎಂದರೆ ನಾಲ್ಕು ತಿಂಗಳ ಬದುಕು.

ಆ ನಾಲ್ಕು ತಿಂಗಳ ಬದುಕನ್ನು ಕೇಳಲು ಹೋದವಳಿಗೆ ಸಿಕ್ಕಿದ್ದು ಸೊನ್ನೆ, ಮತ್ತು ಆರು ಸಾವಿರದ ಬಾಕಿ.

ಎರಡನೆಯ ಸಲ ಹೋದಾಗ ಅಂಗಡಿಯವನು ದನಿ ತಗ್ಗಿಸಿದ. "ಎರಡು ಸಾವಿರ ಕೊಡು. ಹೈದರಾಬಾದದ ಬಿಲ್ ಕೊಡಿಸ್ತೀನಿ. ಪ್ಯಾಕಿಂಗ್ ಸಾಮಾನು ಏಳು ಲಕ್ಷದ್ದು ತಗೊಂಡೀದಿ ಅಂತ."

"ನಾವು ರೊಟ್ಟಿ ಅರಿವ್ಯಾಗ ಸುತ್ತಿ ಕಳಸ್ತೇವ್ರೀ. ಏಳು ಲಕ್ಷದ್ದು ಏನು ಪ್ಯಾಕ್ ಮಾಡ್ಲಿ?"

"ನಿನಗ್ಯಾಕ ಬೇಕು ಅದು? ಕಂಪ್ಯೂಟರ್ ಕೇಳಂಗಿಲ್ಲ."

"ಗುಂಡಮ್ಮ ಕೇಳ್ತಾಳ್ರೀ," ಎಂದು ಎದ್ದು ಬಂದಳು.

ಇದನ್ನು ನಾವು ನೆಟ್ಟಗೆ ಕೂತು ಯೋಚಿಸಬೇಕು. ನಿಜವಾಗಿ ಕೊಟ್ಟ ಕೂಲಿಗೆ ಈ ನಾಡಿನಲ್ಲಿ ಕಾಗದ ಇಲ್ಲ. ಎಂದೂ ಕೊಳ್ಳದ ಸಾಮಾನಿಗೆ ಸೀಲು, ಸಹಿ, ನಂಬರು ಸಮೇತ ಕಾಗದ ಎರಡು ಸಾವಿರಕ್ಕೆ ಸಿಗುತ್ತದೆ. ಸುಳ್ಳಿಗೆ ಬಿಲ್ ಉಂಟು, ಬೆವರಿಗೆ ಇಲ್ಲ. ಇಂಥ ಬಿಲ್ಲುಗಳ ಮೇಲೆ ಎದ್ದ ಮೂರು ಅಂತಸ್ತಿನ ಮನೆಗಳ ಮುಂದೆ ನಾವೆಲ್ಲ ನಮಸ್ಕಾರ ಹೊಡೆದು ಹೋಗುತ್ತೇವೆ.

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಉಮ್ಮೆ ಹಾನಿ ಎಂಬ ತೆರಿಗೆ ಲೆಕ್ಕದವಳ ಸಣ್ಣ ಕಚೇರಿ ಇದೆ. ಬ್ಯಾಂಕಿನ ಗುಮಾಸ್ತನೇ ಅಲ್ಲಿಗೆ ಕಳಿಸಿದ. ಆಕೆ ಕಂಪನಿಯ ಕಾಗದ ನೋಡಿ ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ಇವರು ನಿಮಗ ಕಮಿಷನ್ ಅಂತ ಹಾಕ್ಯಾರ. ನೀವು ದಲ್ಲಾಲಿ ಮಾಡ್ತೀರೇನು?"

"ಇಲ್ರೀ ಮೇಡಂ, ರೊಟ್ಟಿ ಮಾಡ್ತೇವು."

ಸಣ್ಣ ವ್ಯಾಪಾರದವರು ಲೆಕ್ಕಪುಸ್ತಕವಿಲ್ಲದೆಯೂ ಇಂತಿಷ್ಟು ಲಾಭವೆಂದು ಬರೆದುಕೊಡುವ ಸುಲಭ ದಾರಿಯೊಂದು ಕಾನೂನಿನಲ್ಲಿದೆ. ಕಮಿಷನ್ ತಿನ್ನುವವರಿಗೆ ಆ ದಾರಿ ಇಲ್ಲ. ಕಂಪನಿಯವರು ಆ ಪದ ತಿದ್ದಿದರೆ ಕೆಲಸ ಒಂದೇ ದಿನದ್ದು ಎಂದಳು ಉಮ್ಮೆ ಹಾನಿ. ಸುಮಂಗಲಾ ಅದೇ ಮಧ್ಯಾಹ್ನ ಕಂಪನಿಗೆ ಹೋದಳು. ಮ್ಯಾನೇಜರ್ ಕೂರಿಸಿ, ನೀರು ಕೊಡಿಸಿ ಮಾತಾಡಿದ. ನೀರು ಕಾಗದದ ಲೋಟದಲ್ಲಿ ಬಂತು, ಅವನದು ಸ್ಟೀಲಿನದು.

"ಹಂಗ ಇರ್ಲಿ ಬಿಡವಾ. ನೀ ಎಲ್ಲೆಲ್ಲಿಂದೋ ರೊಟ್ಟಿ ಕೂಡಿಸಿ ತಂದು ಕೊಡ್ತಿ ಅಂತ ಇದ್ರ ನಿನಗೂ ಚಲೋ, ನಮಗೂ ಚಲೋ. ಯಾರ ಮನ್ಯಾಗ ಬಡೀತಾರ ಅನ್ನೋದು ಕಾಗದದಾಗ ಯಾಕ ಬರಬೇಕು?"

"ಬಂದ್ರ ಏನಾಗ್ತದ್ರೀ ಸರ?"

"ನಿನಗ ತಿಳೀತದ, ಹೋಗು."

ತಿಳಿಯಿತು. ಓದುತ್ತಿರುವ ನಿಮಗೂ ತಿಳಿದಿದೆ, ತಿಳಿದಿಲ್ಲವೆಂದು ನಟಿಸಬೇಡಿ. ರೊಟ್ಟಿ ಬೇಕು, ತೆಳ್ಳಗೆ ಬೇಕು, ಬೆಳಿಗ್ಗೆ ಹನ್ನೊಂದರೊಳಗೆ ಬೇಕು. ಬಡಿದ ಕೈಯ ಓಣಿ ಮಾತ್ರ ಬೇಡ. ಆ ಓಣಿಯನ್ನು ಮುಚ್ಚಿಡಲಿಕ್ಕೆ ಹಾಕಿದ ಒಂದು ಪದದ ಬೆಲೆಯನ್ನು, ನೂರಕ್ಕೆ ಐದರಂತೆ, ಆ ಓಣಿಯವಳೇ ತೆತ್ತಿದ್ದಳು.

ಹಾಗಾದರೆ ಒಂದೇ ದಾರಿ ಎಂದಳು ಉಮ್ಮೆ ಹಾನಿ. ನಿಜವಾದ ಖರ್ಚನ್ನೆಲ್ಲ ದಾಖಲೆ ಸಮೇತ ತೋರಿಸಿ ಡಿಸೆಂಬರ್ ಮುಗಿಯುವುದರೊಳಗೆ ರಿಟರ್ನ್ ತಿದ್ದಿ ಹಾಕುವುದು.

"ದಿವಸದ ಲೆಕ್ಕ ಎಲ್ಲಿ ಬರೀತೀರಿ ಅಕ್ಕಾ?"

"ಗ್ವಾಡಿ ಮ್ಯಾಲ್ರೀ. ಇದ್ದಿಲಲೇ. ಒಬ್ಬೊಬ್ಬರಿಗೂ ಒಂದೊಂದು ಸಾಲು, ಹತ್ತು ರೊಟ್ಟಿಗಿ ಒಂದು ಗೀಟು. ಜೋಳದ ಚೀಲಕ್ಕ ಒಂದು ಸುತ್ತು."

"ಬಹುತ್ ಅಚ್ಛಾ! ಆ ಗ್ವಾಡಿ ಫೋಟೋ ತರ್ರಿ."

"ಗ್ವಾಡಿಗಿ ಸುಣ್ಣ ಹೊಡದೇವ್ರೀ. ಬಾಬಾಸಾಹೇಬರ ಜಯಂತಿಗಿ."

ಏಪ್ರಿಲ್ ಹದಿನಾಲ್ಕಕ್ಕೆ ಮೊದಲು ಆ ಓಣಿಯಲ್ಲಿ ಸುಣ್ಣ ಕಾಣದ ಗೋಡೆ ಇರುವುದಿಲ್ಲ. ಬಿಳಿ ಗೋಡೆ, ಕೆಳಗೆ ನೀಲಿ ಪಟ್ಟಿ. ಸರ್ಕಾರದ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಹನ್ನೆರಡು ವರ್ಷ ಸುಮಂಗಲಾ ವರ್ಷದ ಲೆಕ್ಕವನ್ನು ಸರಿಯಾಗಿ ಅದು ಬೇಕಾಗುವ ವಾರದಲ್ಲೇ ತನ್ನ ಕೈಯಿಂದ ಅಳಿಸುತ್ತ ಬಂದಿದ್ದಳು.

"ಯಾ ಅಲ್ಲಾ," ಎಂದು ಉಮ್ಮೆ ಹಾನಿ ಹಣೆ ಹಿಡಿದುಕೊಂಡಳು.

ಊರಿಗೆ ಬಂದು ಹೇಳಿದಾಗ ಗುಂಡಮ್ಮ ಒದ್ದೆ ಅರಿವೆ ತೆಗೆದುಕೊಂಡು ಗೋಡೆ ಉಜ್ಜಿದಳು, ಸವುಟಿನಿಂದ ಕೆರೆದಳು. ಬೂದಿ ಬಣ್ಣದ ಕಲೆ ಬಿಟ್ಟು ಮತ್ತೇನೂ ಏಳಲಿಲ್ಲ. "ನೋಡು, ನನ್ನ ವರ್ಷದ ದುಡಿಮಿ ಹ್ಯಾಂಗ ಕಾಣ್ತದ, ಬೆಕ್ಕು ಉಚ್ಚಿ ಹೊಯ್ದಂಗ," ಎಂದು ಬೈದುಕೊಂಡಳು. ಮರುಕ್ಷಣ ಕೈ ನಿಲ್ಲಿಸಿ, "ಅಲ್ಲ ಸುಮಂಗಲಾ, ಹಿಟ್ಟು ಗಿರಣಿಯಿಂದನ ಬರ್ತದಲ್ಲ? ಆ ಜಗದೇವಪ್ಪ ಕಾಸು ಬಿಡೋ ಮನುಷ್ಯಾ ಅಲ್ಲ. ಬರದಿಟ್ಟಿರ್ತಾನ," ಎಂದಳು.

ಬರೆದಿಟ್ಟಿದ್ದ. ಗಿರಣಿಯ ಮೊಳೆಗೆ ನೇತುಹಾಕಿದ, ಹಿಟ್ಟು ಹತ್ತಿದ ಉದ್ದನೆಯ ಲೆಕ್ಕದ ವಹಿಯಲ್ಲಿ ದಿನದಿನದ ಕಿಲೋ ಇತ್ತು.

"ತೂಕದಾಗ ಹೊಡಿತಾನ, ಕಳ್ಳ ಅಂತಿದ್ರಲ್ಲ ನನಗ? ಈಗ ಕಳ್ಳನ ವಹಿ ಬೇಕಾಯ್ತೇನು?" ಎಂದ ಜಗದೇವಪ್ಪ.

"ಕಳ್ಳ ಇದ್ದೀದಿ ಅಂತನ ಬಂದೇವಪಾ. ಸಾಚಾ ಮಂದಿ ಯಾರು ಇಷ್ಟು ಬರದಿಡ್ತಾರ?" ಎಂದಳು ಗುಂಡಮ್ಮ.

ಎಂಬತ್ತನಾಲ್ಕು ಕ್ವಿಂಟಲ್. ಕಿಲೋಗೆ ಹದಿನಾರು ರೊಟ್ಟಿ. ಇದನ್ನು ಆ ಆರು ಹೆಂಗಸರಿಗೆ ಯಾರೂ ತೂಗಿ ಹೇಳಬೇಕಿಲ್ಲ. ಸುಮಂಗಲಾ, ಗುಂಡಮ್ಮ ಆ ವಹಿ ಹಿಡಿದು ಕಚೇರಿಗೆ ಹೋದಾಗ ಉಮ್ಮೆ ಹಾನಿ ಗುಣಿಸಿದಳು. ಕಂಪನಿ ಹಣ ಕೊಟ್ಟ ರೊಟ್ಟಿಗೂ ಗಿರಣಿಯ ಹಿಟ್ಟಿನಿಂದ ಬಂದ ರೊಟ್ಟಿಗೂ ಇಡೀ ವರ್ಷದಲ್ಲಿ ಬಂದ ಅಂತರ ನೂರು ಚಿಲ್ಲರೆ.

"ಇವು ಎಲ್ಲಿ ಹೋದ್ವು?" ಎಂದು ಕೇಳಿದಳು.

"ಹರದಿದ್ವು. ನಾವು ತಿಂದೇವು," ಎಂದಳು ಗುಂಡಮ್ಮ.

ಒಂದೂ ಬಿಲ್ ಇಲ್ಲದ ಲೆಕ್ಕ ಅಷ್ಟು ನಿಖರವಾಗಿತ್ತು. ಹಿಟ್ಟಿನಿಂದ ಜೋಳದ ಖರ್ಚು ಸಿಕ್ಕಿತು, ರೊಟ್ಟಿಯಿಂದ ಕೂಲಿಯ ಖರ್ಚು. ಕಟ್ಟಿಗೆಯವನು, ಟೆಂಪೊದವನು, ಜೋಳ ಕೊಟ್ಟ ಮಹಾಗಾಂವದ ರೈತರು ಬರೆದುಕೊಟ್ಟರು. ಕೂಲಿಯ ಚೀಟಿಗೆ ಐವರೂ ಗುರುತು ಹಾಕಬೇಕಿತ್ತು. ಗುಂಡಮ್ಮ ಹೆಬ್ಬೆಟ್ಟು ಒತ್ತಿದಳು. ಗೆರೆಯಿಲ್ಲದ ಒಂದು ನೀಲಿ ಚುಕ್ಕೆ ಮೂಡಿತು. ಮತ್ತೆ ಒತ್ತಿದಳು, ಮತ್ತೆ ಅದೇ. ನಲವತ್ತು ವರ್ಷ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳಿನಲ್ಲಿ ಗೆರೆ ಉಳಿದಿರಲಿಲ್ಲ. ಖರ್ಚು ಸೊನ್ನೆ ಎಂದು ಬರೆದವನ ಬೆರಳಿನಲ್ಲಿ ಎಲ್ಲ ಗೆರೆಗಳೂ ಇದ್ದಿರಬೇಕು.

"ಇರ್ಲಿ ಅಮ್ಮಾ," ಎಂದು ಉಮ್ಮೆ ಹಾನಿ ಪಕ್ಕದಲ್ಲಿ ಆಕೆಯ ಹೆಸರು ಬರೆದು, ತಾನೇ ಸಾಕ್ಷಿ ಹಾಕಿದಳು.

ಡಿಸೆಂಬರ್ ಇಪ್ಪತ್ತೆಂಟರಂದು ತಿದ್ದಿದ ರಿಟರ್ನ್ ಹೋಯಿತು. ಫೆಬ್ರುವರಿಯಲ್ಲಿ ನಲವತ್ತೇಳು ಸಾವಿರ ಬಂತು. ಯಾರೂ ಕ್ಷಮೆ ಕೇಳಲಿಲ್ಲ, ಕೇಳುವವರು ಯಾರೂ ಇರಲಿಲ್ಲ. ಆ ಆನ್‌ಲೈನ್ ಅಂಗಡಿ ಇನ್ನೂ ತೆರೆದಿದೆ, ಅಲ್ಲಿ ಇವತ್ತೂ ಯಾರದೋ ಎದುರು ಸೊನ್ನೆ ಬೀಳುತ್ತಿದೆ.

ಬಂದ ಹಣದಲ್ಲಿ ಸುಮಂಗಲಾ ಮೊದಲು ಮಾಡಿಸಿದ್ದು ಬಿಲ್ ಪುಸ್ತಕ. ಏಪ್ರಿಲ್ ಒಂದರಂದು ಬುಟ್ಟಿಗಳ ಜೊತೆ ತಾನೂ ಟೆಂಪೊ ಹತ್ತಿ ಹೋಗಿ, ಮೊದಲ ಹಾಳೆ ಹರಿದು ಮ್ಯಾನೇಜರನ ಮುಂದಿಟ್ಟಳು. ಮೇಲೆ ದಪ್ಪ ಅಕ್ಷರದಲ್ಲಿ: ಸುಮಂಗಲಾ ರೊಟ್ಟಿ ಕೇಂದ್ರ, ಬೌದ್ಧರ ಓಣಿ, ಕಮಲಾಪುರ. ಅದರ ಕೆಳಗೆ, ರೊಟ್ಟಿ ಬಡಿದವರು ಎಂದು ಆರು ಹೆಸರು. ಮೊದಲನೆಯದು ಗುಂಡಮ್ಮನದು.

"ಇದೆಲ್ಲಾ ಯಾಕ ಅಚ್ಚು ಹಾಕ್ಸೀದಿ?"

"ಬಿಲ್ ಇಲ್ಲಂದ್ರ ಖರ್ಚ್ ಇಲ್ಲ ಅಂತಾರಲ್ರೀ ಸರ. ಇನ್ನ ಮ್ಯಾಲ ನಾ ಕಮಿಷನ್‌ದಾಕಿ ಅಲ್ಲ, ರೊಟ್ಟಿ ಮಾರಾಕಿ. ಸಹಿ ಮಾಡ್ರಿ, ಬುಟ್ಟಿ ಇಳಸ್ತೀನಿ."

ಮ್ಯಾನೇಜರ್ ಗಡಿಯಾರ ನೋಡಿದ. ಹತ್ತೂ ಮುಕ್ಕಾಲು. ಆಸ್ಪತ್ರೆಯ ಊಟದ ಗಾಡಿ ಬಾಗಿಲಲ್ಲಿ ನಿಂತಿತ್ತು, ಬುಟ್ಟಿಗಳು ಟೆಂಪೊದಲ್ಲೇ ಇದ್ದವು. ಅವನು ಜೇಬಿನಿಂದ ಪೆನ್ನು ತೆಗೆದ.