ಅಕ್ಕವ್ವನ ಎಕ್ಕೆ ಸಾಲು

ಬಿಳೂರಿನ ಅಕ್ಕವ್ವ ಶನಿವಾರ ಬಂತೆಂದರೆ ಮಾರುತಿ ಗುಡಿಯ ಮುಂದೆ ಎಕ್ಕೆ ಹಾರ ಮಾರುತ್ತಾಳೆ. ನೇರಳೆ ಎಕ್ಕೆಗೆ ಅಲ್ಲಿ ಬರವಿಲ್ಲ. ರಸ್ತೆ ಬದಿ, ಬೀಳು ಹೊಲ, ಎಲ್ಲೆಲ್ಲೂ ಅದೇ. ಬಿಳಿಯದು ಮಾತ್ರ ಅವಳ ಹಿತ್ತಲಿನಲ್ಲಿ ಒಂದೇ ಗಿಡ. ಬೇರಿನಲ್ಲಿ ಗಣಪತಿ ಸಿಗುತ್ತಾನೆಂದು ಯಾರೋ ಅಗೆಯಲು ಬಂದಾಗ ಕುಡುಗೋಲು ಹಿಡಿದು ಅಡ್ಡ ನಿಂತಿದ್ದಳು.

“ಬಿಳಿ ಎಕ್ಕಿ ಕುಲಾನ ಬ್ಯಾರೆ,” ಎಂಬುದು ಅವಳ ವಾದ.

ಜತ್ತಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವ ತಮ್ಮನ ಮಗಳು ಸೋನಾಲಿ ಒಪ್ಪಲಿಲ್ಲ. “ಎರಡೂ ಒಂದ ಜಾತಿ ಅತ್ತಿ. ಬಣ್ಣ ಅಷ್ಟ ಬ್ಯಾರೆ.”

“ಹಂಗಾದ್ರ ಬಿತ್ತಿ ನೋಡೂಣು!”

ಅಕ್ಕವ್ವ ಬಿಳಿ ಗಿಡದ ಒಂದು ಕಾಯಿ ಒಡೆದು, ರೇಷ್ಮೆಯಂಥ ಎಳೆಗಳಿಂದ ಬೀಜ ಬಿಡಿಸಿ ಹೊಲದ ಬದುವಿನುದ್ದಕ್ಕೂ ಊರಿದಳು. ಬೆಳ್ಳನೆಯ ಸಾಲೇ ಏಳುತ್ತದೆಂಬ ಖಾತ್ರಿ ಅವಳಿಗೆ.

ಮರುವರ್ಷ ಮಳೆಗಾಲ ಮುಗಿದ ಮೇಲೆ ಮೊದಲ ಮೊಗ್ಗು ಬಿರಿಯಿತು. ನೇರಳೆ! ಅಕ್ಕವ್ವ ಹೊಲದಿಂದಲೇ ಫೋನ್ ಹಚ್ಚಿದಳು: “ಸೋನಾ, ಲಗೂನ ಬಾ! ಬಿಳಿ ತಾಯಿಗೆ ನೇರಳೆ ಕೂಸು ಹುಟ್ಟೇತಿ!”

ಸೋನಾಲಿ ಬರುವಷ್ಟರಲ್ಲಿ ಪಕ್ಕದ ಗಿಡದಲ್ಲಿ ಅಚ್ಚ ಬಿಳಿ ಹೂ ಅರಳಿತ್ತು. ಆಚೆಯದು ತಿಳಿ ನೇರಳೆ. ಇಬ್ಬರೂ ಸಾಲಿನುದ್ದಕ್ಕೂ ಓಡಾಡಿ ಹೂ ಹೋಲಿಸಿದರು.

“ಪುಸ್ತಕದಾಗ ಓದಿದ್ದೆ, ಕಣ್ಣಿಲೆ ಕಂಡಿದ್ದು ಇವತ್ತ ನೋಡ್ರಿ!” ಸೋನಾಲಿ ಒಂದೊಂದೇ ಹೂವಿನ ಫೋಟೊ ತೆಗೆದಳು. “ಕರಿ ದುಂಬಿ ನೇರಳೆ ಹೂವಿನ ಪರಾಗ ತಂದಿರಬೇಕು.”

“ಅಂದ್ರ ಇವೆಲ್ಲಾ ಒಂದ ತಾಯಿ ಮಕ್ಕಳು!” ಅಕ್ಕವ್ವ ನಕ್ಕೇ ನಕ್ಕಳು. ಸೋತದ್ದು ಅವಳಿಗೆ ನೆನಪಾಗಲೇ ಇಲ್ಲ. “ಮತ್ತ ಬ್ಯಾರೆ ಜಾತಿ ಅಂದ್ರ ಯಾವುದು?”

“ಬಣ್ಣ ಬಿಡ್ರಿ, ಎಸಳು ನೋಡ್ರಿ. ಇವಕ್ಕ ಎಸಳು ಅಗಲಾಗಿ ಹರವಿರತಾವ. ಇನ್ನೊಂದು ಜಾತಿಗೆ ಎಸಳು ಬಟ್ಟಲದಂಗ ಮ್ಯಾಲ ನಿಂತಿರತಾವ.”

ಅಂದಿನಿಂದ ಅಕ್ಕವ್ವ ದಾರಿಯ ಯಾವ ಎಕ್ಕೆಯನ್ನೂ ಸುಮ್ಮನೆ ಬಿಡಲಿಲ್ಲ. ಸೋನಾಲಿಯ ಜೊತೆ ಮದುವೆಗೆಂದು ಯಳವಿ ಊರಿಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ಒಂದು ಎಕ್ಕೆ ಗಿಡ ಕಂಡು ಥಟ್ಟನೆ ಎದ್ದು ನಿಂತಳು. “ನಿಂದರಸ್ರೀ!” ಕಂಡಕ್ಟರ್ ಗಾಬರಿಯಾಗಿ ಸೀಟಿ ಊದಿದ. ಸೋನಾಲಿಯ ಕೈ ಹಿಡಿದೆಳೆದುಕೊಂಡು ಇಳಿದೇ ಬಿಟ್ಟಳು.

ಹೂ ಚಿಕ್ಕದು, ಬಿಳಿ; ತುದಿಗೆ ಮಾತ್ರ ನೇರಳೆ. ಎಸಳು ನೆಟ್ಟಗೆ ಮೇಲೆದ್ದು ಬಟ್ಟಲಾಗಿದ್ದವು.

“ಹೌದಿಲ್ಲೋ?” ಎಂದಳು ಅಕ್ಕವ್ವ, ಹೂವಿನತ್ತ ಬೆರಳು ತೋರಿಸಿ.

“ಹೌದ ಅತ್ತಿ, ಇದ ಅದು!”

ಬಸ್ಸು ಹೋಗಿಯಾಗಿತ್ತು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಕ್ಕವ್ವ ಆಗಲೇ ಮುಂದಿನ ಗಿಡದತ್ತ ಓಡುತ್ತಿದ್ದಳು.